ಬಾತ್‌ರೂಮ್ ಮೂಲೆ, ನಾಲ್ಕನೇ ಸಲದ ಸಿಲಿಕೋನ್, ಅರ್ಧ ಲೋಟ ಬೀಟ್‌ರೂಟ್ ನೀರು

ನೀರು ಇಳಿಯದಂತೆ ಟೈಲ್ಸ್ ಸಂದಿಗೆ ಎಳೆಯುವ ರಬ್ಬರಿನಂಥ ಸಿಲಿಕೋನ್ ಮೂರು ಮೂಲೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಬಾಗಿಲ ಹಿಂದಿನದು ಮಾತ್ರ ಮೂರನೇ ಸಲವೂ ಎದ್ದು ಬಂತು. ಉಗುರಲ್ಲಿ ತುದಿ ಹಿಡಿದು ಎಳೆದರೆ ಶ್ಯಾವಿಗೆ ಎಳೆ ಥರ ಒಂದು ಗೇಣು ಸಲೀಸಾಗಿ ಕೈಗೆ ಬಂತು. ಹಿಂದೆಲ್ಲ ಒದ್ದೆ, ಕಪ್ಪು ಬೂಷ್ಟು.

ಟೇಪ್ ಹಾಕುವುದು, ನಾಝಲ್ ಓರೆಯಾಗಿ ಕತ್ತರಿಸುವುದು, ಸೋಪಿನ ನೀರಲ್ಲಿ ಬೆರಳು ಅದ್ದಿ ಎಳೆಯುವುದು ನಿಮಗೆ ಗೊತ್ತೇ ಇದೆ. ಈ ಮೂಲೆಯ ಜೊತೆಗಿನ ಜಗಳಕ್ಕೇ ನೇರ ಬರುತ್ತೇನೆ.

ಮೊದಲ ಸಲದ ತಪ್ಪು ನನ್ನದೇ. ಹಳೆಯದನ್ನು ಕಿತ್ತಿದ್ದೆ, ಆದರೆ ಟೈಲ್ಸ್ ಮೇಲೆ ತೆಳು ಪೊರೆ ಉಳಿದಿತ್ತು. ಹಳೇ ಸಿಲಿಕೋನಿಗೂ ಹೊಸದಕ್ಕೂ ದಾಯಾದಿ ಸಂಬಂಧ, ಒಂದಕ್ಕೊಂದು ಅಂಟುವುದಿಲ್ಲ.

ಎರಡನೇ ಸಲದ್ದು ಅಂಗಡಿಯವನ ಕೃಪೆ. 280 ಎಂಎಲ್ ಟ್ಯೂಬಿನ ತಾರೀಕಿನ ಮೇಲೇ ಬೆಲೆ ಚೀಟಿ ಅಂಟಿಸಿ ಕೊಟ್ಟಿದ್ದ. ಎರಡು ದಿನ ಕಳೆದರೂ ಹಲಸಿನ ಮೇಣದ ಹಾಗೆ ಅಂಟಂಟು. ಚೀಟಿ ಕೆರೆದು ನೋಡಿದರೆ ಅವಧಿ ಮುಗಿದು ಏಳು ತಿಂಗಳು! ಕೇಳಿದ್ದಕ್ಕೆ, "ಮಳೆಗಾಲ ಅಲ್ವಾ ಸಾರ್, ಒಣಗೋದು ಲೇಟು" ಅಂದ. ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವ ಹೀರಿ. ನಮ್ಮ ಮಲೆನಾಡಿನ ಸಾಗರದ ಆಷಾಢ ಅದಕ್ಕೆ ಹಬ್ಬ ಆಗಬೇಕಿತ್ತು.

ಮೂರನೇ ಸಲ ತಪ್ಪು ಮಾಡಲು ಏನೂ ಉಳಿದಿರಲಿಲ್ಲ. ಬ್ಲೇಡಿನಲ್ಲಿ ಕೆರೆದೆ, ಸ್ಪಿರಿಟ್‌ನಲ್ಲಿ ಒರೆಸಿದೆ, ಎರಡು ದಿನ ಟೇಬಲ್ ಫ್ಯಾನ್ ಇಟ್ಟೆ, ಟ್ಯೂಬೂ ಹೊಸದು. ಹತ್ತೇ ದಿನಕ್ಕೆ ಮತ್ತೆ ಶ್ಯಾವಿಗೆ.

ಆಗ ಅನುಮಾನ ಬಂತು. ಎಲ್ಲ ಕಿತ್ತು ಒರೆಸಿ, ಒಂದು ಪ್ಲಾಸ್ಟಿಕ್ ಹಾಳೆಯನ್ನು ಮೂಲೆಗೆ ಇಟ್ಟು, ನಾಲ್ಕೂ ಕಡೆ ಟೇಪ್ ಹಚ್ಚಿ ಮಲಗಿದೆ. ಬೆಳಿಗ್ಗೆ ಹಾಳೆಯ ಒಳಮೈ ತುಂಬ ಹನಿ. ಅಂದರೆ ನೀರು ಬರುತ್ತಿರುವುದು ಟೈಲ್ಸಿನ ಹಿಂದಿನ ಗಾರೆಯಿಂದ. ಆದರೆ ಆ ಗೋಡೆಯಲ್ಲಿ ಪೈಪೇ ಇಲ್ಲ!

ಟಾರ್ಚ್ ಹಿಡಿದು ಇಂಚಿಂಚು ನೋಡಿದೆ. ಸೊಂಟದ ಎತ್ತರದಲ್ಲಿ, ಎರಡು ಗೋಡೆ ಸೇರುವ ಕಡೆ, ವೈಟ್ ಸಿಮೆಂಟಿನಲ್ಲಿ ಕೂದಲೆಳೆಯಂಥ ಬಿರುಕು. ಇಷ್ಟು ಸಣ್ಣದರಿಂದ ಅಷ್ಟು ನೀರಾ? ಅವತ್ತು ಅಡುಗೆಮನೆಯಲ್ಲಿ ಬೀಟ್‌ರೂಟ್ ಪಲ್ಯ. ಬೇಯಿಸಿದ ನೀರನ್ನು ಕೇಳಿ ತಂದು, ಚಮಚದಲ್ಲಿ ಆ ಬಿರುಕಿಗೆ ಕುಡಿಸಿದೆ. ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತು ಕಾದೆ. ಕೆಳಗೆ ಕೆಂಪು ಬರಲೇ ಇಲ್ಲ. ಏನೋ ಹಳದಿ ಹಳದಿ ಜಿನುಗಿತು, ಅಷ್ಟೇ. ಥತ್ ಅಂತ ಎದ್ದು ಬಂದೆ.

ಹೊರಗೆ ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸುಣ್ಣ ನೋಡಿದ್ದೇ ತಲೆಯಲ್ಲಿ ದೀಪ ಹತ್ತಿತು. ಸಿಮೆಂಟಿನಲ್ಲೂ ಇರುವುದು ಅದೇ ಕ್ಷಾರ ಗುಣ ಅಲ್ವಾ? ಲೋಟದಲ್ಲಿ ಉಳಿದಿದ್ದ ಬೀಟ್‌ರೂಟ್ ನೀರಿಗೆ ಒಂದು ಬೆರಳು ಸುಣ್ಣ ಕಲಸಿದೆ. ನೋಡನೋಡುತ್ತ ಕೆಂಪು ಹೋಗಿ ಹಳದಿ! ಮೂಲೆಯಲ್ಲಿ ಜಿನುಗಿದ್ದು ನನ್ನ ಬೀಟ್‌ರೂಟೇ.

ಇಷ್ಟು ದಿನ ನಾನು ಕೆಳಗಿನ ಬಾಯಿ ಮುಚ್ಚುತ್ತಿದ್ದೆ, ನೀರು ಮೇಲಿನ ಬಾಯಿಂದ ಒಳಗೆ ಇಳಿಯುತ್ತಿತ್ತು. ಹೊರಗೆ ಹೋಗಲು ದಾರಿ ಇಲ್ಲದೆ ಸಿಲಿಕೋನನ್ನು ಹಿಂದಿನಿಂದ ಎಬ್ಬಿಸುತ್ತಿತ್ತು.

ಈ ಸಲ ಬಿರುಕು ಕೆರೆದು, ಒಣಗಿಸಿ, ಮೇಲಿನದನ್ನು ಮೊದಲು ಮುಚ್ಚಿದೆ. ಕೆಳಗೆ ಬಾಯಿ ತೆರೆದೇ ಬಿಟ್ಟೆ. ಎಲ್ಲರಿಗೂ ಹಿತ್ತಲ ಬಚ್ಚಲಲ್ಲೇ ಸ್ನಾನ. ದಿನಾ ರಾತ್ರಿ ಪ್ಲಾಸ್ಟಿಕ್ ಹಾಳೆ ಪರೀಕ್ಷೆ.

ಕಾಯುವಾಗ ಸುಮ್ನೆ ಕೂರಲಾಗಲಿಲ್ಲ. ಸಿಲಿಕೋನಿನಲ್ಲೇ ಗಾಜು ಅಂಟಿಸಿ ಮಾಡುವ, ಎರಡು ಅಡಿ ಉದ್ದದ ಮೀನಿನ ತೊಟ್ಟಿಗೆ ಲೆಕ್ಕ ಹಾಕಿದೆ. ಗಾಜು 5 ಎಂಎಂ, ಎತ್ತರ ಒಂದಡಿ. ಬಾತ್‌ರೂಮಿನ ಮಿಕ್ಕ ಟ್ಯೂಬನ್ನು ಅದಕ್ಕೆ ಬಳಸುವ ಆಸೆ ಬೇಡ. ಬೂಷ್ಟು ತಡೆಯುವ ಔಷಧ ಇರುವ ಸಿಲಿಕೋನ್ ಮೀನಿಗೆ ವಿಷ. ಔಷಧ ಇಲ್ಲದ, ವಿನೆಗರ್ ವಾಸನೆಯ ಸಾದಾ ಟ್ಯೂಬೇ ಬೇಕು. ಬೇರೆ ಅಂಗಡಿಯಿಂದ, ತಾರೀಕು ನೋಡಿ.

ಆರನೇ ಬೆಳಿಗ್ಗೆ ಹಾಳೆ ಒಣಗಿತ್ತು. ಅವತ್ತೇ ಕೆಳಗಿನದನ್ನೂ ಎಳೆದೆ.

ಇವತ್ತಿಗೆ 18 ದಿನ. ಒಳಗೆ ಹೋದಾಗಲೆಲ್ಲ ತುದಿಯನ್ನು ಉಗುರಲ್ಲಿ ಕೆದಕಿ ನೋಡುತ್ತೇನೆ. ಎದ್ದಿಲ್ಲ. "ಹೀಗೆ ಕೆದಕಿ ಕೆದಕಿ ನೀನೇ ಎಬ್ಬಿಸ್ತೀಯ" ಅಂತ ಅಮ್ಮ ಬೈಯುತ್ತಿದ್ದಾರೆ.