ಗೇಮ್ ಸಂಗೀತದಲ್ಲಿ ನಂಬರ್ ಒನ್ ಯಾರು? ಉಯೆಮತ್ಸು ಅಲ್ವಾ?

ನನಗೆ ವಿಡಿಯೋ ಗೇಮ್ ಸಂಗೀತದ ಹುಚ್ಚು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದೊಂದೇ. 'ನಂಬರ್ ಒನ್ ಯಾರು? ನೊಬುವೊ ಉಯೆಮತ್ಸು ಅಲ್ವಾ?' ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತದೆ. ಹೌದು ಅಂದರೆ ಮಾತು ಅಲ್ಲಿಗೆ ಮುಗಿಯಿತು, ಅಲ್ಲ ಅಂದರೆ ಜಗಳ ಶುರು. ನಾನು ಅಲ್ಲ ಅಂತಲೇ ಹೇಳುತ್ತೇನೆ. ಆದರೆ 'ಅವರದ್ದೆಲ್ಲ ಬರೀ ಹೈಪ್' ಅನ್ನುವ ಗುಂಪಿಗೂ ನಾನು ಸೇರಿದವನಲ್ಲ.

ಉಯೆಮತ್ಸು 'ಫೈನಲ್ ಫ್ಯಾಂಟಸಿ' ಗೇಮ್‌ಗಳ ಸಂಗೀತಗಾರ. 1987ರಲ್ಲಿ ಮೊದಲ ಗೇಮ್ ಬಂದಾಗಿನಿಂದ ವರ್ಷಗಟ್ಟಲೆ ಆ ಸರಣಿಗೆ ಹೆಚ್ಚುಕಮ್ಮಿ ಒಬ್ಬರೇ ಸಂಗೀತ ಕೊಟ್ಟರು. ಯಾವ ಸಂಗೀತ ಶಾಲೆಗೂ ಹೋದವರಲ್ಲ. ರೆಕಾರ್ಡ್‌ಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿಂದಲೇ ಆ ಗೇಮ್ ಮಾಡಿದ ಸ್ಕ್ವೇರ್ ಕಂಪನಿಗೆ ದಾರಿಯಾಯಿತು.

ಅವರ ಅಭಿಮಾನಿಗಳು ಅಷ್ಟು ಬಿಗಿಯಾಗಿ ಅಂಟಿಕೊಂಡಿರುವುದು ಯಾಕೆ ಅನ್ನುವುದಕ್ಕೆ ಒಂದೇ ದೃಶ್ಯ ಸಾಕು. 1997ರಲ್ಲಿ ಬಂದ ಏಳನೇ 'ಫೈನಲ್ ಫ್ಯಾಂಟಸಿ'ಯಲ್ಲಿ ಏರಿತ್ ಎಂಬ ಹುಡುಗಿ ಕಥೆಯ ನಡುವೆಯೇ ಸಾಯುತ್ತಾಳೆ. ಅವಳು ನಮ್ಮ ತಂಡದವಳು. ಗಂಟೆಗಟ್ಟಲೆ ಅವಳನ್ನು ಜೊತೆಯಲ್ಲಿಟ್ಟುಕೊಂಡು ಆಡಿರುತ್ತೇವೆ. ಅವಳ ಮುಡಿಯಿಂದ ಗೋಲಿಯಂಥ ಕಲ್ಲೊಂದು ಜಾರಿ, ಮೆಟ್ಟಿಲ ಮೇಲೆ ಪುಟಿಯುತ್ತಾ ನೀರಿಗೆ ಬೀಳುತ್ತದೆ. ಆಗ ಪಿಯಾನೋದಲ್ಲಿ ಅವಳ ಟ್ಯೂನ್ ಶುರುವಾಗುತ್ತದೆ. ಹಿಂದೆಯೇ ದೊಡ್ಡ ಶತ್ರುವೊಂದು ಎದುರಿಗೆ ಬಂದು ನಿಲ್ಲುತ್ತದೆ. ಮಾಮೂಲಿ ಲೆಕ್ಕದಲ್ಲಿ ಅಲ್ಲಿ ಡ್ರಮ್ಮಿನ ಅಬ್ಬರ ಬರಬೇಕು. ಬರುವುದಿಲ್ಲ. ಅದೇ ನಿಧಾನದ ಟ್ಯೂನ್ ಮುಂದುವರಿಯುತ್ತದೆ, ನಾವು ಅದನ್ನು ಕೇಳಿಕೊಂಡೇ ಕತ್ತಿ ಬೀಸಬೇಕು. ಇದನ್ನು ಹದಿನೈದನೇ ವಯಸ್ಸಿನಲ್ಲಿ ಆಡಿದವರ ಹತ್ತಿರ ಹೋಗಿ 'ಉಯೆಮತ್ಸು ಅಷ್ಟೇನಿಲ್ಲ ಬಿಡಿ' ಅಂದರೆ ಹೊಡೆಯಲು ಬರದೆ ಇನ್ನೇನು ಮಾಡುತ್ತಾರೆ!

ಆದರೆ ಗಮನಿಸಿ, ಅಲ್ಲಿ ಕೆಲಸ ಮಾಡುತ್ತಿರುವುದು ಟ್ಯೂನ್ ಒಂದೇ ಅಲ್ಲ. ಅಷ್ಟು ಗಂಟೆಗಳ ಒಡನಾಟ ಮತ್ತು ಆ ದೃಶ್ಯ ಕಟ್ಟಿದವರ ಜಾಣತನವೂ ಅದರಲ್ಲಿದೆ. ಗೇಮ್ ಆಡದವರಿಗೆ ಆ ಟ್ಯೂನ್ ಕೇಳಿಸಿದರೆ 'ಚೆನ್ನಾಗಿದೆ' ಅಂತಾರೆ, ಅಷ್ಟೇ. 2013ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕುವ ಬ್ರಿಟನ್ನಿನ ಕ್ಲಾಸಿಕ್ ಎಫ್‌ಎಂ ರೇಡಿಯೋ ಕೇಳುಗರಿಂದ ವೋಟು ಹಾಕಿಸಿದಾಗ 'ಫೈನಲ್ ಫ್ಯಾಂಟಸಿ' ಸಂಗೀತ ಮೂರನೇ ಸ್ಥಾನಕ್ಕೆ ಬಂತು. ಬೀಥೋವನ್ ಅದಕ್ಕಿಂತ ಕೆಳಗೆ! ಗೇಮ್ ಪ್ರಿಯರು ಒಟ್ಟಾಗಿ ಪ್ರಚಾರ ಮಾಡಿ ವೋಟು ಹಾಕಿಸಿದ್ದರು. ಅದನ್ನು ತಪ್ಪು ಅನ್ನಲಾರೆ, ವೋಟು ಇರುವುದೇ ಅದಕ್ಕೆ. ಆದರೆ ಅದರಿಂದ ತಿಳಿಯುವುದು ಪ್ರೀತಿ ಎಷ್ಟಿದೆ ಅನ್ನುವುದು ಮಾತ್ರ. ಸಂಗೀತದ ತೂಕ ಬೇರೆ ವಿಷಯ.

ಇನ್ನೊಂದು ಸಂಗತಿಯನ್ನು ಜನ ಯೋಚಿಸುವುದೇ ಇಲ್ಲ. ಹೆಸರು ಗೊತ್ತಾಗದೆ ಯಾರೂ ಫೇಮಸ್ ಆಗುವುದಿಲ್ಲ. ನಮ್ಮಲ್ಲಿ ರಾಜನ್-ನಾಗೇಂದ್ರ, ವಿಜಯಭಾಸ್ಕರ್ ಅಂತ ಹಳ್ಳಿಯ ಅಜ್ಜಿಗೂ ಗೊತ್ತಿದ್ದುದು ಹೇಗೆ? ಆಕಾಶವಾಣಿಯಲ್ಲಿ ಚಿತ್ರಗೀತೆ ಹಾಕುವ ಮುಂಚೆ ಹಾಡಿದವರು, ಸಾಹಿತ್ಯ, ಸಂಗೀತ ಅಂತ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಿದ್ದರು. ಗೇಮ್‌ಗಳಿಗೆ ಅಂಥ ಭಾಗ್ಯ ಇರಲಿಲ್ಲ. ಉಲ್ಟಾ, ಹೆಸರು ಮುಚ್ಚಿಡುತ್ತಿದ್ದರು. ಒಳ್ಳೆಯ ಕೆಲಸಗಾರರನ್ನು ಬೇರೆ ಕಂಪನಿಯವರು ಎಳೆದುಕೊಂಡಾರು ಅನ್ನುವ ಭಯ. 1991ರ 'ಸ್ಟ್ರೀಟ್ ಫೈಟರ್ 2' ಗೇಮಿನ ಹೆಚ್ಚಿನ ಸಂಗೀತ ಯೋಕೊ ಶಿಮೊಮುರಾ ಅವರದು. ಗೇಮ್ ಪಾರ್ಲರ್‌ಗಳಲ್ಲಿ ನಾಣ್ಯ ಹಾಕಿ ಆಡಿದವರ ಕಿವಿಯಲ್ಲಿ ಅದು ಇವತ್ತಿಗೂ ಇರುತ್ತದೆ. ಗೇಮ್ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ ಅವರ ಹೆಸರು 'ಶಿಮೊ-ಪಿ'. ಇದನ್ನು ನೋಡಿ ಯಾರು ಅವರನ್ನು ಹುಡುಕಿಕೊಂಡು ಹೋಗಬೇಕು? ಅದೇ ಕಾಲದಲ್ಲಿ ಯೂಜೊ ಕೊಶಿರೊ ಎಂಬ ಹುಡುಗ ಸೇಗಾ ಕಂಪನಿಯ 'ಸ್ಟ್ರೀಟ್ಸ್ ಆಫ್ ರೇಜ್' ಗೇಮಿನ ಟೈಟಲ್ ಸ್ಕ್ರೀನಿನ ಮೇಲೆಯೇ ತನ್ನ ಹೆಸರು ಹಾಕಿಸಿಕೊಂಡ. ಕೊಶಿರೊಗೆ ಅಭಿಮಾನಿಗಳು ಬೇಗ ಸಿಕ್ಕರು. ಶಿಮೊಮುರಾ ಅವರ ಹೆಸರು ಹೊರಗಿನ ಜಗತ್ತಿನಲ್ಲಿ ದೊಡ್ಡದಾಗಿದ್ದು ತುಂಬಾ ತಡವಾಗಿ, 2002ರ 'ಕಿಂಗ್‌ಡಮ್ ಹಾರ್ಟ್ಸ್' ಬಂದ ಮೇಲೆ. ಹಾಗಾಗಿ 'ಹೆಚ್ಚು ಜನಕ್ಕೆ ಗೊತ್ತಿರುವವರೇ ದೊಡ್ಡವರು' ಅನ್ನುವ ವಾದ ನನ್ನ ಹತ್ತಿರ ನಡೆಯುವುದಿಲ್ಲ.

ದೇಶ ಬದಲಾದರೂ ಪಟ್ಟಿ ಬದಲಾಗುತ್ತದೆ. ಜಪಾನಿನಲ್ಲಿ ಕೇಳಿದರೆ ಕೋಯಿಚಿ ಸುಗಿಯಾಮ ಹೆಸರು ಮೊದಲು ಬಂದರೆ ಆಶ್ಚರ್ಯವಿಲ್ಲ. 1986ರ 'ಡ್ರಾಗನ್ ಕ್ವೆಸ್ಟ್' ಅವರದು. ಗೇಮ್ ಸಂಗೀತವನ್ನು ಆರ್ಕೆಸ್ಟ್ರಾ ಕಛೇರಿಗೆ ತಂದವರಲ್ಲಿ ಅವರೇ ಮೊದಲಿಗರು. 2021ರ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಆಟಗಾರರ ಮೆರವಣಿಗೆ ಶುರುವಾದದ್ದೇ ಅವರ ಟ್ಯೂನಿನಿಂದ. ನಮ್ಮಲ್ಲಿ ಅವರನ್ನು ಕೇಳುವವರೇ ಇಲ್ಲ. ಆ ಗೇಮ್ ನಮ್ಮಲ್ಲಿಗೆ ಬರಲೇ ಇಲ್ಲವಲ್ಲ.

ನಮ್ಮಲ್ಲಿಗೆ ಬಂದದ್ದು ಮಾರಿಯೊ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡಿದ ಗೇಮ್. ಅಸಲಿ ನಿಂಟೆಂಡೊ ಯಾರ ಮನೆಯಲ್ಲೂ ಇರಲಿಲ್ಲ, ಎಲ್ಲ ಅದರ ನಕಲು. ಆ ಟ್ಯೂನ್ ಬಾರದವರು ನಮ್ಮ ವಯಸ್ಸಿನವರಲ್ಲಿ ಇಲ್ಲವೇ ಇಲ್ಲ. ಮಾಡಿದವರು ಯಾರು ಅಂತ ಕೇಳಿ, ಉತ್ತರ ಬರುವುದಿಲ್ಲ. ಉಯೆಮತ್ಸು ವಿಷಯದಲ್ಲಿ ಇದು ತಿರುಗಾಮುರುಗಾ. ಯೂಟ್ಯೂಬಿನ 'ಟಾಪ್ ಟೆನ್' ವಿಡಿಯೋಗಳಿಂದ ಹೆಸರು ಗೊತ್ತು, ಒಂದು ಟ್ಯೂನ್ ಗುನುಗಿ ಅಂದರೆ ತಡವರಿಸುತ್ತಾರೆ.

ಮಾರಿಯೊಗೆ ಸಂಗೀತ ಕೊಟ್ಟವರು ಕೋಜಿ ಕೊಂಡೊ. ಕಸುಬಿನ ಲೆಕ್ಕದಲ್ಲಿ ನನಗೆ ಅವರು ಉಯೆಮತ್ಸು ಅವರಿಗಿಂತ ಒಂದು ಕೈ ಮೇಲು. ಯಾಕೆ ಅಂತ ಹೇಳುತ್ತೇನೆ. 1985ರ ಆ ಗೇಮಿನಲ್ಲಿ ಟ್ಯೂನಿಗೆ ಅವರು ಬಳಸಿದ್ದು ಮೂರೇ ದನಿ, ತಾಳಕ್ಕೆ ಬುಸ್ ಅನ್ನುವ ಒಂದು ಸದ್ದು. ಅದರಲ್ಲೂ ಮಾರಿಯೊ ಹಾರಿದಾಗಲೆಲ್ಲ ಆ 'ಬೊಯಿಂಗ್' ಸದ್ದು ಮಾಡಲು ಒಂದು ದನಿ ಸಂಗೀತ ಬಿಟ್ಟು ಓಡಬೇಕು. ನಾವು ಹಾರುತ್ತಲೇ ಇರುತ್ತೇವೆ. ಅಂದರೆ ಆ ಸಂಗೀತವನ್ನು ಆಡುವಾಗ ಯಾರೂ ಇಡಿಯಾಗಿ ಕೇಳಿಯೇ ಇಲ್ಲ. ಆದರೂ ಎಲ್ಲೂ ಹರಿದ ಹಾಗೆ ಅನಿಸುವುದಿಲ್ಲ. ನೀರಿನೊಳಗಿನ ಹಂತಕ್ಕೆ ಹೋದರೆ ಸಂಗೀತ ಮೂರರ ಎಣಿಕೆಗೆ, ವಾಲ್ಟ್ಸ್‌ಗೆ, ತಿರುಗುತ್ತದೆ. ಅಲ್ಲಿ ಮಾರಿಯೊ ಓಡುವುದಿಲ್ಲ, ತೇಲುತ್ತಾನೆ, ಅದಕ್ಕೆ. ಟೈಮ್ ನೂರಕ್ಕಿಂತ ಕೆಳಗಿಳಿದರೆ ಅದೇ ಟ್ಯೂನ್ ದಡಬಡ ಓಡುತ್ತದೆ, ನಮ್ಮ ಕೈ ಬೆವರುತ್ತದೆ. ಇದು ಕೂತು ಕೇಳುವ ಸಂಗೀತ ಅಲ್ಲ, ಬೆರಳಿನ ಸಂಗೀತ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಗೇಮ್ ಸಂಗೀತವನ್ನು ಮೊದಲ ಸಲ ಸೇರಿಸಿದಾಗ ಆರಿಸಿದ್ದು ಇದನ್ನೇ.

'ಅದೆಲ್ಲ ಹಳೆಯ ಕೀ ಕೀ ಸದ್ದು, ಈಗ ನಿಜವಾದ ಆರ್ಕೆಸ್ಟ್ರಾ ಇದೆ' ಅನ್ನುವವರೂ ಇದ್ದಾರೆ. ಇರಲಿ. ಆರ್ಕೆಸ್ಟ್ರಾ ಇದ್ದೂ ಒಂದು ಸಾಲೂ ನೆನಪಿನಲ್ಲಿ ಉಳಿಯದ ಗೇಮ್‌ಗಳು ಬೇಕಾದಷ್ಟಿವೆ. ಇತ್ತ 2015ರ 'ಅಂಡರ್‌ಟೇಲ್' ಗೇಮನ್ನೂ ಅದರ ಸಂಗೀತವನ್ನೂ ಮಾಡಿದ ಟೋಬಿ ಫಾಕ್ಸ್ ಬಗ್ಗೆ ಹಿರಿಯ ಅಭಿಮಾನಿಗಳು ಮೂಗು ಮುರಿಯುತ್ತಾರೆ, ಮೀಮ್‌ನಿಂದ ಮೇಲೆ ಬಂದವನು ಅಂತ. ನನಗೇನೋ ಇಷ್ಟ. 2022ರಲ್ಲಿ ವ್ಯಾಟಿಕನ್ನಿನಲ್ಲಿ ಸರ್ಕಸ್ ತಂಡವೊಂದು ಪೋಪ್ ಎದುರೇ ಆ ಗೇಮಿನ 'ಮೆಗಲೊವೇನಿಯಾ' ಹಾಕಿಕೊಂಡು ಕಸರತ್ತು ಮಾಡಿತು. ಇದಕ್ಕಿಂತ ಜಾಸ್ತಿ ಪ್ರಚಾರ ಯಾರಿಗೆ ಸಿಕ್ಕೀತು?

ಸರಿ, ನನ್ನ ನಂಬರ್ ಒನ್? ಹಿರೊಕಾಜು ತನಾಕಾ.

'ಯಾರದು?' ಅಂತೀರಿ, ಗೊತ್ತು. ಇವರು ನಿಂಟೆಂಡೊ ಕಂಪನಿಗೆ ಸೇರಿದ್ದು ಸಂಗೀತಗಾರರಾಗಿ ಅಲ್ಲ, ಸೌಂಡ್ ಎಂಜಿನಿಯರ್ ಆಗಿ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ 'ಟೆಟ್ರಿಸ್' ಸಂಗೀತ ಇವರ ಕೈಯಿಂದ ಬಂದದ್ದು. ಅದರಲ್ಲಿ ಎಲ್ಲರೂ ಗುನುಗುವುದು ಮಾತ್ರ ರಷ್ಯಾದ ಜನಪದ ಹಾಡು, ಇವರು ಹೊಂದಿಸಿದ್ದು ಅಷ್ಟೇ. ಆ ಗೇಮ್ ಸುಮಾರು 3.5 ಕೋಟಿ ಪ್ರತಿ ಖರ್ಚಾಯಿತು, ಆದರೂ ಹೆಸರು ಬರಲಿಲ್ಲ. ನಾನು ಇವರನ್ನು ಆರಿಸುವುದು 1986ರ 'ಮೆಟ್ರಾಯ್ಡ್' ಗೇಮಿಗಾಗಿ. ಆಗ ಗೇಮ್ ಅಂದರೆ ಖುಷಿಖುಷಿಯಾದ, ಗುನುಗುವಂಥ ಟ್ಯೂನ್ ಇರಬೇಕು ಅನ್ನುವ ರೂಢಿ. ತನಾಕಾ ಅದಕ್ಕೆ ಎದುರು ನಿಂತರು. ಸಂಗೀತ ಎಲ್ಲಿ ಮುಗಿಯಿತು, ಗೇಮಿನ ಸದ್ದು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು ಅನ್ನುವುದು ಅವರ ಹಟ. ಶುರುವಿನ ಬ್ರಿನ್‌ಸ್ಟಾರ್ ಹಂತವನ್ನು ಬಿಟ್ಟರೆ ಬಾಯಿಗೆ ಹತ್ತುವಂಥದ್ದು ಕಡಿಮೆ. ಗುಹೆಯೊಳಗೆ ಆಳಕ್ಕೆ ಇಳಿದಂತೆ ಸಂಗೀತ ಸಣ್ಣಗಾಗುತ್ತದೆ, ಹುಳ ಹರಿದಂತೆ ಕೇಳುತ್ತದೆ. ಕೊನೆಯ ಶತ್ರುವನ್ನು ಹೊಡೆದು ಹೊರಗೆ ಬಂದ ಮೇಲೆ ಮಾತ್ರ ತುಂಬು ಟ್ಯೂನ್ ಬಿಚ್ಚಿಕೊಳ್ಳುತ್ತದೆ. ಅದನ್ನು ಅಲ್ಲಿಯವರೆಗೆ ಬೇಕಂತಲೇ ತಡೆದಿಟ್ಟಿದ್ದರು. ಇಂಥವರು ಟಾಪ್ ಟೆನ್ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. ಗುನುಗಲು ಏನನ್ನೂ ಕೊಡದವರಿಗೆ ವೋಟು ಹಾಕುವವರು ಯಾರು?

ಆಮೇಲೆ ಅವರು ಪೋಕೆಮಾನ್ ಕಾರ್ಡ್‌ಗಳ ಹಿಂದಿರುವ ಕ್ರೀಚರ್ಸ್ ಕಂಪನಿಯ ಅಧ್ಯಕ್ಷರಾದರು. ಚಿಪ್ ತನಾಕಾ ಅನ್ನುವ ಹೆಸರಿನಲ್ಲಿ ಸ್ಟೇಜ್ ಮೇಲೂ ನುಡಿಸುತ್ತಾರೆ. 2017ರಲ್ಲಿ 'ಜಾಂಗೊ' ಎಂಬ ಆಲ್ಬಂ ತಂದರು. ಅದನ್ನು ಆಮೇಲೆ ಕೇಳಿದರಾಯಿತು, ಮೊದಲು 'ಮೆಟ್ರಾಯ್ಡ್' ಕೇಳಿ. ಆಡುತ್ತಾ ಕೇಳಿದರೆ ಇನ್ನೂ ಒಳ್ಳೆಯದು. ಕೊನೆಯ ಟ್ಯೂನಿಗೆ ಮಾತ್ರ ಮೊದಲೇ ಹಾರಬೇಡಿ.