ಹಳದಿ ಹೂವಿನ ಕಳೆ, ಕೆಂಪು ಪಟ್ಟಿ

ಆಗಸ್ಟ್‌ನಲ್ಲಿ ಒಮ್ಮೆ ಐರ್ಲೆಂಡಿನ ಲಿಮೆರಿಕ್ ಕಡೆ ಸಹೋದ್ಯೋಗಿಯೊಬ್ಬನ ಹಳ್ಳಿಮನೆಗೆ ಹೋಗಿದ್ದೆ. ಊಟ ಆಗಿದ್ದೇ ತಡ, ಅವನ ಅಪ್ಪ ನನ್ನ ಕೈಗೆ ಗ್ಲೌಸ್ ಕೊಟ್ಟು "ಬಾ, ಕಳೆ ಕೀಳೋಣ" ಅಂದರು.

ಹುಲ್ಲುಗಾವಲಿನ ತುಂಬ ಹಳದಿ ಹೂವು. ರಾಗ್‌ವರ್ಟ್ ಅಂತಾರೆ. ನೋಡೋಕೆ ಚೆಂದ, ದನ-ಕುದುರೆ ತಿಂದರೆ ಲಿವರ್ ಹಾಳು. ಬುಡ ಹಿಡಿದು ನಿಧಾನಕ್ಕೆ ಎಳೆಯಬೇಕು, ಬೇರಿನ ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಕಿತ್ತು ಅಲ್ಲೇ ಬಿಸಾಕುವಂತಿಲ್ಲ, ಒಣಗಿದರೂ ವಿಷ ಹೋಗಲ್ಲ.

ಐರಿಷ್ ಜನಪದ ಕತೆಗಳ ಮಾಯಾವಿ ಕುಳ್ಳ ಲೆಪ್ರೆಕಾನ್ ಚಿನ್ನ ಹೂತಿಟ್ಟಿರೋದು ಇದರ ಬುಡದಲ್ಲೇ ಅಂತೆ! ಡಬ್ಲಿನ್ ಅಂಗಡಿಗಳ ಹಸಿರು ಟೋಪಿಯ ಬೊಂಬೆ ಅಲ್ಲ, ಹಳೆ ಕತೆಯ ಲೆಪ್ರೆಕಾನ್. ಕುಳ್ಳ ಮುದುಕ, ಒಂಟಿ, ಬೂಟು ಹೊಲಿಯೋದು ಕಸುಬು. ಹಳೆಯ ಎಷ್ಟೋ ವರ್ಣನೆಗಳಲ್ಲಿ ಅವನ ಕೋಟು ಕೆಂಪು. ಹಿಡಿದವನು ಅವನ ಮೇಲಿಂದ ಕಣ್ಣು ತೆಗೆದರೆ ಮಾಯ.

ಕೀಳುತ್ತಲೇ ಯಜಮಾನರು ಕತೆ ಹೇಳಿದರು. ರೈತನೊಬ್ಬ ಲೆಪ್ರೆಕಾನ್‌ನನ್ನು ಹಿಡಿದು ಹೆದರಿಸಿದ. ಅವನು ಇಂಥದೇ ಹೊಲದಲ್ಲಿ ಒಂದು ಗಿಡ ತೋರಿಸಿದ. ರೈತನ ಹತ್ತಿರ ಗುದ್ದಲಿ ಇಲ್ಲ. ಗುರುತಿಗೆ ಕಾಲುಚೀಲದ ಕೆಂಪು ಪಟ್ಟಿ ಕಟ್ಟಿದ, ಬಿಚ್ಚಲ್ಲ ಅಂತ ಆಣೆ ಹಾಕಿಸಿಕೊಂಡು ಮನೆಗೆ ಓಡಿದ. ಬಂದು ನೋಡಿದರೆ ಪ್ರತಿ ಗಿಡಕ್ಕೂ ಕೆಂಪು ಪಟ್ಟಿ! ಪೂರ್ತಿ ಟೋಪಿ ಹಾಕಿದ್ದಾನೆ, ಆದರೆ ಮಾತಿಗೆ ತಪ್ಪಿಲ್ಲ. ನನಗೆ ಹಿಡಿಸಿದ್ದೇ ಅದು.

ಮೂಲೆಯಲ್ಲಿ ಬಳೆಯಂತೆ ಸುತ್ತಿದ ಮಣ್ಣಿನ ಏರಿ ಇತ್ತು, ಮೇಲೆಲ್ಲ ಮುಳ್ಳುಗಿಡ. ಅತ್ತ ಹೊರಟರೆ "ಅಲ್ಲಿ ಬೇಡ" ಅಂದರು. ಸಾವಿರ ವರ್ಷಕ್ಕೂ ಹಿಂದಿನ ಒಕ್ಕಲುಮನೆಯ ಸುತ್ತಿನ ಏರಿ ಅದು ಅಂತಾರೆ ಓದಿದವರು. ಹಳ್ಳಿಯವರಿಗೆ ಅದು 'ಅವರ', ಅಂದರೆ ಲೆಪ್ರೆಕಾನ್‌ನಂಥ ಮಾಯಾವಿಗಳ ಜಾಗ. ಮುಳ್ಳುಗಿಡ ಕಡಿಯೋಕೂ ಹಿಂಜರಿಯುತ್ತಾರೆ.

ಹಾಗಂತ ನಿಧಿ ಬರೀ ಕತೆಯಲ್ಲ. ಇದೇ ಲಿಮೆರಿಕ್‌ನ ಆರ್ಡಾ ಹತ್ತಿರ, 1868ರಲ್ಲಿ, ಇಂಥದೇ ಏರಿಯೊಳಗೆ ಆಲೂಗಡ್ಡೆ ಅಗೆಯುತ್ತಿದ್ದ ಇಬ್ಬರು ಹುಡುಗರಿಗೆ 8ನೇ ಶತಮಾನದ ಬೆಳ್ಳಿ ಬಟ್ಟಲು ಸಿಕ್ಕಿತು. ಈಗ ಡಬ್ಲಿನ್‌ನ ಕಿಲ್ಡೇರ್ ಸ್ಟ್ರೀಟ್ ಮ್ಯೂಸಿಯಂನಲ್ಲಿದೆ. ನಾನು ನೋಡಿದ್ದೇನೆ. ಎರಡು ಪುಟ್ಟ ಹಿಡಿ, ಚಿನ್ನದ ತಂತಿಯ ಕುಸುರಿ. ಅದರ ಕೆಳಗೆ ಏಸುವಿನ ಶಿಷ್ಯರ ಹೆಸರು ಎಷ್ಟು ಸಣ್ಣಗೆ ಕೆತ್ತಿದ್ದಾರೆ ಅಂದರೆ ಬಗ್ಗಿ ಹುಡುಕಬೇಕು.

"ಮೆಟಲ್ ಡಿಟೆಕ್ಟರ್ ತಂದು ನೋಡಬಹುದಲ್ವಾ?" ಅಂತ ಸುಮ್ನೆ ಕೇಳಿದೆ. ಅನುಮತಿ ಇಲ್ಲದೆ ಹಾಗೆ ಹಳೆ ವಸ್ತು ಹುಡುಕೋದೇ ಇಲ್ಲಿ ಅಪರಾಧವಂತೆ.

"ಲೆಪ್ರೆಕಾನ್ ಜೊತೆ ಚೌಕಾಸಿ ಮಾಡಬಹುದು. ಪೊಲೀಸರ ಜೊತೆ ಆಗಲ್ಲ" ಅಂದು, ನಾನು ಬಿಟ್ಟುಬಂದಿದ್ದ ಗಿಡದ ಕಡೆ ಕೈ ತೋರಿಸಿದರು.