34ನೇ ದಿನ: ಕ್ಯಾಲೆಂಡರ್ ಚೀಲ ಇನ್ನೂ ಅಲ್ಲೇ ಐತೆ

ಮೊದಲೇ ಹೇಳ್ಬಿಡ್ತೀನಿ, ಎರಡು ವಾರದಿಂದ ನಮ್ಮನೆಯಿಂದ ಒಂದು ಚೀಲಾನೂ ಆಚೆ ಹೋಗಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗೋ ವಿಭೂತಿ ಬುಧವಾರ ಶುರು ಮಾಡಿದ್ದು, ಮನೇಲಿ ಬೇಡದ ಸಾಮಾನನ್ನ ದಿನಕ್ಕೊಂದು ಚೀಲ ಆಚೆ ಹಾಕೋದು, ನಲವತ್ತು ದಿನಕ್ಕೆ ನಲವತ್ತು ಚೀಲ, ಭಾನುವಾರ ಲೆಕ್ಕಕ್ಕಿಲ್ಲ. 22ನೇ ದಿನದ ತನಕ ಗಾಡಿ ಸರಾಗವಾಗಿ ಓಡ್ತು. ಇಡೋದು, ಕೊಡೋದು, ಮಾರೋದು, ಎಸೆಯೋದು ಅಂತ ನಾಲ್ಕು ಗುಂಪು ಮಾಡೋದೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಮತ್ತೆ ಬರೆಯಲ್ಲ. ಬಟ್ಟೆ ಬೀರು ಒಂದೇ ದಿನಕ್ಕೆ ಮುಗೀತು, ಯಾಕಂದ್ರೆ ಜೀನ್ಸ್ ಹೊಲಿಯೋ ಊರು ಬಳ್ಳಾರಿಯ ಮನೆ ಅಂದ್ಮೇಲೆ ಅದರಲ್ಲಿ ಅರ್ಧ ಜೀನ್ಸೇ, ನನ್ನ ಗಂಡನ ಹತ್ರ ಹನ್ನೊಂದು ಜೀನ್ಸ್ ಪ್ಯಾಂಟ್ ಇತ್ತು, ಎರಡು ಅಂಗಿ ಇದ್ದೋನು ಇಲ್ಲದವನಿಗೆ ಒಂದು ಕೊಡ್ಲಿ ಅಂತ ಬೈಬಲಲ್ಲಿ ಸ್ನಾನಿಕ ಯೋಹಾನ ಹೇಳಿದ್ದು ಅಂಗಿಗೆ, ಪ್ಯಾಂಟಿಗಲ್ಲ ಅಂತ ವಾದ ಮಾಡಿದ್ರು, ನಡೀಲಿಲ್ಲ.

ಪ್ಲಾಸ್ಟಿಕ್ ಡಬ್ಬಿ ಬಗ್ಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಆರು ತರಿಸಿದೆ, ನಾಲ್ಕಕ್ಕೆ ಮುಚ್ಚಳ ಕೂರಲ್ಲ. ವಾಪಸ್ ಅಂದ್ರೆ ಬಂದ ರಟ್ಟಿನ ಡಬ್ಬಿಯಲ್ಲೇ ಪ್ಯಾಕ್ ಮಾಡಿಡಿ ಅಂತಾರೆ, ಆ ರಟ್ಟನ್ನ ಮೂರನೇ ದಿನಾನೇ ರದ್ದಿಗೆ ಹಾಕಿ ಹೆಮ್ಮೆ ಪಟ್ಟಿದ್ದೆ. ಹೋಗ್ಲಿ ಬಿಡಿ.

ಸಮಸ್ಯೆ 23ನೇ ದಿನ ಅಟ್ಟ ಹತ್ತಿದಾಗ ಸಿಕ್ತು. ಒಂದು ಗೋಣಿಚೀಲ, ಅದರ ತುಂಬ ಹಳೇ ಕ್ಯಾಲೆಂಡರ್. ಒಂದೊಂದು ಹಾಳೇಲೂ ಒಳ್ಳೆ ಕುರುಬ, ಕಡೆಯ ಭೋಜನ, ಆರೋಗ್ಯ ಮಾತೆ, ಕೆಳಗೆ ಒಂದೊಂದು ಬೈಬಲ್ ವಾಕ್ಯ. ತೂಕ ಹಾಕಿದ್ರೆ ಒಂಬತ್ತು ಕೆಜಿ. ಅತ್ತೆ ಮದುವೆಯಾಗಿ ಕೌಲ್ ಬಜಾರಿಗೆ ಬಂದಾಗಿಂದ ಒಂದನ್ನೂ ಬಿಟ್ಟಿಲ್ಲ. ಯೇಸು ಚಿತ್ರ ಇರೋ ಕಾಗದದಲ್ಲಿ ಮಿರ್ಚಿ ಕಟ್ಟಿ ಕೊಡ್ತಾರೇನೇ, ಅದೇ ಅವ್ರ ಪ್ರಶ್ನೆ. ನಾನು ಸಿಎಸ್ಐ, ಅಂದ್ರೆ ಪ್ರೊಟೆಸ್ಟೆಂಟ್ ಮನೆ ಮಗಳು, ಅತ್ತೆ ಮನೆ ಕಥೋಲಿಕರು, ಚಿತ್ರದ ಬಗ್ಗೆ ನಮಗೆ ಅಷ್ಟು ಭಯ ಭಕ್ತಿ ಇಲ್ಲ ಅಂತ ಅಂದ್ಕೊಂಡಿದ್ದೆ, ಆದ್ರೆ ರದ್ದಿಯವನ ತಕ್ಕಡಿ ಮೇಲೆ ಆ ಚೀಲ ಇಡೋಕೆ ಹೋದಾಗ ನನ್ನ ಕೈನೂ ಹಿಂದಕ್ಕೆ ಬಂತು. ಅವನೇನೋ ತಗೊಳ್ಳಲ್ಲ ಅಂದ, ಮಿಂಚೋ ಕಾಗದಕ್ಕೆ ರೇಟ್ ಇಲ್ವಂತೆ, ಮೇಲಿನ ತಗಡು ಪಟ್ಟಿ ಕಿತ್ತು ಕೊಟ್ರೆ ನೋಡೋಣ ಅಂದ. ಅವನ ತಕ್ಕಡಿ ಕಥೆ ಬೇರೆ, ನಮ್ಮನೇಲಿ ಹದಿನಾಲ್ಕು ಕೆಜಿ ಇದ್ದ ಪೇಪರ್ ಗೇಟ್ ದಾಟೋದ್ರೊಳಗೆ ಹನ್ನೊಂದು ಆಗುತ್ತೆ.

ಇಲ್ಲಿಂದ ನನಗೂ ಅತ್ತೆಗೂ ವಾಕ್ಯದ ಕುಸ್ತಿ. ನಾನು ಲೂಕ 12ರ ಸಾಹುಕಾರನ್ನ ಎಳ್ಕೊಂಡು ಬಂದೆ, ಕಣಜ ಕೆಡವಿ ದೊಡ್ಡ ಕಣಜ ಕಟ್ತೀನಿ ಅಂದವನಿಗೆ ಅದೇ ರಾತ್ರಿ ಕರೆ ಬಂತಲ್ಲ. ಅತ್ತೆ ಒಂದು ಕ್ಷಣಾನೂ ಯೋಚಿಸಲಿಲ್ಲ, ಯೋಹಾನ ಆರು ಹನ್ನೆರಡು ಅಂದ್ರು. ಐದು ಸಾವಿರ ಜನ ಉಂಡ ಮೇಲೆ ಉಳಿದ ತುಂಡು ಒಂದೂ ಹಾಳಾಗ್ಬಾರ್ದು, ಎತ್ತಿಡಿ ಅಂತ ಸ್ವಾಮಿನೇ ಹೇಳಿದ್ದು, ಹನ್ನೆರಡು ಬುಟ್ಟಿ ತುಂಬಿತ್ತು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ.

ಒಣಗಿದ ಗರಿಗಳದ್ದು ಸುಲಭ ಆಯ್ತು ನೋಡಿ. ಈಸ್ಟರ್‌ಗೆ ಹಿಂದಿನ ಭಾನುವಾರ, ಅಂದ್ರೆ ಗರಿಗಳ ಭಾನುವಾರ ಚರ್ಚಲ್ಲಿ ಕೊಟ್ಟು ಶಿಲುಬೆ ಹಿಂದೆ ಸಿಗಿಸಿದ್ದ ಗರಿ ಹತ್ತೊಂಬತ್ತು ಕಟ್ಟು ಇತ್ತು, ಅದನ್ನ ಚರ್ಚಿಗೆ ವಾಪಸ್ ಕೊಟ್ರೆ ಸುಟ್ಟು ಮುಂದಿನ ವಿಭೂತಿ ಬುಧವಾರದ ಬೂದಿ ಮಾಡ್ತಾರೆ, ಪದ್ಧತೀನೇ ಐತೆ. ಫಾದರ್ ಇಷ್ಟೊಂದಾ ಅಂತ ನಕ್ಕು ತಗೊಂಡ್ರು. ಕ್ಯಾಲೆಂಡರ್‌ಗೆ ಏನ್ ಮಾಡ್ಲಿ ಅಂದ್ರೆ ಮಂತ್ರಿಸಿದ ವಸ್ತು ಆದ್ರೆ ಸುಡ್ಬೇಕು ಇಲ್ಲ ಹೂಳ್ಬೇಕು, ಇದು ಬರೀ ಅಚ್ಚಾದ ಕಾಗದ, ಆದ್ರೂ ಗೌರವದಿಂದ ಮಾಡಮ್ಮ ಅಂದ್ರು.

ಗೌರವದಿಂದ ಸುಡೋಕೆ ಹೋದೆ. ಮಿಂಚೋ ಕಾಗದ ಅಂದ್ರೆ ಮೇಲೆ ಸುಣ್ಣ, ಜೇಡಿ ಥರದ್ದು ಬಳಿದಿರ್ತಾರೆ, ಕಟ್ಟು ಕಟ್ಟಾಗಿ ಇಟ್ರೆ ಅಂಚು ಮಾತ್ರ ಕಪ್ಪಾಗುತ್ತೆ, ಒಳಗೆ ಗಾಳಿ ಹೋಗಲ್ಲ. ಒಂದೊಂದೇ ಹಾಳೆ ಹಾಕಿದೆ, ಬಿಸಿಲು ಬೇರೆ, ಕೆಳಗೂ ಬೆಂಕಿ ಮೇಲೂ ಬೆಂಕಿ, ಅಷ್ಟರಲ್ಲಿ ಒಂದು ಸುತ್ತುಗಾಳಿ ಬಂದು ಅರ್ಧ ಸುಟ್ಟ ಒಳ್ಳೆ ಕುರುಬ ಹಾರಿ ಪಕ್ಕದ ಚಾಚಾ ಮಾಳಿಗೆ ಮೇಲೆ ಬಿದ್ದ. ಚಾಚಾ ಅದನ್ನ ಎರಡೂ ಕೈಲಿ ಹಿಡ್ಕೊಂಡು ಬಂದು, ನಿಮ್ಮ ಹಜ್ರತ್ ಈಸಾ ನಮ್ಮನೆಗೆ ಬಂದಿದ್ರಮ್ಮ ಅಂತ ಕೊಟ್ರು. ಅತ್ತೆ ಒಳಗೆ ಹೋಗಿ ಜಪಸರ ಹಿಡ್ಕೊಂಡು ಕೂತ್ರು. ಆ ದಿನ ಊಟ ಇಲ್ಲ.

ಕುರಾನಿನ ಹಳೇ ಹಾಳೆಗಳನ್ನ ಶುಭ್ರ ಬಟ್ಟೇಲಿ ಸುತ್ತಿ, ಕಾಲು ಬೀಳದ ಜಾಗದಲ್ಲಿ ಹೂಳ್ತೀವಿ ಅಂದ್ರು ಚಾಚಾ. ಎದುರು ಮನೆಯವ್ರು ಅವ್ರ ಒಡೆದ ದೇವರ ಫೋಟೋಗಳನ್ನ ಅರಳಿ ಮರದ ಬುಡಕ್ಕೆ ಇಟ್ಟು ಬರ್ತಾರೆ, ಇಲ್ಲ ಕಾಲುವೆಗೆ ಬಿಡ್ತಾರೆ. ಇಡೀ ಓಣಿಗೆ ಇದೇ ತಲೆನೋವು ಇರೋದು ನೋಡಿ ಸ್ವಲ್ಪ ಸಮಾಧಾನ ಆಯ್ತು. ಹೂಳೋಣ ಅಂತ ಹಿತ್ತಲಲ್ಲಿ ಗಂಡನ್ನ ಅಗೆಯೋಕೆ ಹಚ್ಚಿದೆ. ಒಂದೂವರೆ ಅಡಿಗೆ ಠಣ್ ಅಂತು. ಬಳ್ಳಾರೀಲಿ ಎಲ್ಲಿ ಅಗೆದ್ರೂ ಅರ್ಧ ಬೆಟ್ಟ ಕೆಳಗೇ ಇರುತ್ತೆ.

ಇದರ ಮಧ್ಯೆ ಅಟ್ಟದಲ್ಲೇ ಮಾವನವರ ತಂದೆಯ ಬೈಬಲ್ ಸಿಕ್ತು. ಗೆದ್ದಲು ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡಕ್ಕೆ ಬಂದು ನಿಂತೈತೆ. ಅದರ ಮೇಲೆ ಸಿಟ್ಟು ಬರ್ಲಿಲ್ಲ, ಪ್ರತಿ ಜನವರಿ ನಾನೂ ಅಲ್ಲೇ ನಿಲ್ಲೋದು. ನನ್ನ ಗಂಡನಿಗೆ ತಕ್ಷಣ ಆಸೆ ಹುಟ್ತು, ಮಿಷನರಿ ಜಾನ್ ಹ್ಯಾಂಡ್ಸ್ ದೊರೆ 1810ರಲ್ಲಿ ಬಳ್ಳಾರಿಗೆ ಬಂದು ಇಲ್ಲೇ ಕೂತು ಬೈಬಲ್ ಕನ್ನಡಕ್ಕೆ ಮಾಡಿದ್ರಲ್ಲ, 1831ಕ್ಕೆ ಪೂರ್ತಿ ಆಯ್ತಲ್ಲ, ಇದು ಅದೇ ಇದ್ರೆ ಅಂತ. ತಿರುವಿ ನೋಡಿದ್ರೆ ಅದಕ್ಕಿಂತ ನೂರು ವರ್ಷಕ್ಕೂ ಈಚಿನ ಬೆಂಗಳೂರು ಅಚ್ಚು. ಆದ್ರೆ ಖಾಲಿ ಹಾಳೇಲಿ ಮನೆಯವರೆಲ್ಲರ ಜ್ಞಾನಸ್ನಾನದ ತಾರೀಕು ಬರ್ದಿದಾರೆ, ನನ್ನ ಗಂಡನ ಹೆಸರಿನ ಮುಂದೆ ‘ಬಹಳ ಅತ್ತನು’ ಅಂತಾನೂ ಐತೆ. ಅದು ಉಳಿಯುತ್ತೆ. ಮಣ್ಣು ಕೊಡವಿ, ಎರಡು ಕವರ್ ಸುತ್ತಿ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟೀನಿ, ಒಳಗಿರೋ ಹುಳ ಸಾಯ್ಲಿ ಅಂತ. ಅತ್ತೆ ಮೀನು ತೆಗೆಯೋಕೆ ಹೋಗಿ ದೇವರ ವಾಕ್ಯ ತೆಗೆದ್ರು.

ಹಾಂ, ಒಂದು ಹಾರ್ಮೋನಿಯಂ ಕೂಡ ಸಿಕ್ಕೈತೆ! ರೀಡ್ ಎಲ್ಲ ಹಿತ್ತಾಳೆ, ಚೆನ್ನಾಗಿದಾವೆ, ತಿದಿ ಮಾತ್ರ ಇಲಿ ತಿಂದೈತೆ. ಒಳ್ಳೆ ತೆಳು ಮೇಕೆ ಚರ್ಮ ಸಿಕ್ರೆ ಈಸ್ಟರ್ ಆದ್ಮೇಲೆ ಕೈ ಹಾಕ್ತೀನಿ. ‘ಕೊಡೋದು’ ಗುಂಪಿಗೆ ಯಾಕೆ ಹೋಗಿಲ್ಲ ಅಂತ ಕೇಳ್ಬೇಡಿ.

ವಾಪಸ್ ಚೀಲಕ್ಕೆ. ಹನ್ನೆರಡು ಬುಟ್ಟಿ ಅಂದ್ರಲ್ಲ ಅತ್ತೆ, ಅದೇ ತಲೇಲಿ ಕೂತಿತ್ತು. ನಮ್ಮಜ್ಜಿ ರದ್ದಿ ಪೇಪರ್ ನೆನೆಸಿ ಮೆಂತ್ಯ ಹಾಕಿ ಕುಟ್ಟಿ, ಕೊಡ ಬೋರಲು ಹಾಕಿ ಅದರ ಮೇಲೆ ಮೆತ್ತಿ ಬುಟ್ಟಿ ಮಾಡೋಳು. ಸುಡೋದಲ್ಲ, ಹೂಳೋದಲ್ಲ, ತುಂಡೂ ಹಾಳಾಗಲ್ಲ. ಅತ್ತೆ ಒಪ್ಪಿದ್ರು.

ಮೊದಲ ಸಲ ಪೂರ್ತಿ ಫೇಲ್. ಮೂರು ದಿನ ನೆನೆದ್ರೂ ಕ್ಯಾಲೆಂಡರ್ ಚೂರು ಕೊಬ್ಬರಿ ಚೂರಿನ ಥರ ಹಂಗೇ ಇತ್ತು. ಪ್ಲಾಸ್ಟಿಕ್ ಪೊರೆ ಇರೋವು ಕರಗೋದೇ ಇಲ್ಲ, ಹರಿದಾಗ ಅಂಚಲ್ಲಿ ಎಳೆ ಹಿಗ್ಗಿದ್ರೆ ಅದು ಪೊರೆ, ಬೇರೆ ಇಡಿ. ಉಳಿದಿದ್ದಕ್ಕೆ ಬಿಸಿನೀರು, ಒಂದು ಹಿಡಿ ವಾಷಿಂಗ್ ಸೋಡಾ ಹಾಕಿದ್ಮೇಲೆ ಸಡಿಲ ಆಯ್ತು, ಆಮೇಲೆ ಚೆನ್ನಾಗಿ ತೊಳೀಬೇಕು. ರುಬ್ಬೋಕೆ ಅಂತ ‘ಕೊಡೋದು’ ಗುಂಪಲ್ಲಿದ್ದ ಹಳೇ ಗ್ರೈಂಡರ್ ಇಳಿಸಿದೆ, ಬೆಲ್ಟ್ ಜಾರ್ತಿತ್ತು, ಅಂಗಡಿಯವನು ಎರಡು ಸಲ ತಪ್ಪು ಸೈಜ್ ಕೊಟ್ಟ, ಎರಡನೇ ಸಲ ನಿಮ್ಮ ಗ್ರೈಂಡರೇ ತಪ್ಪು ಅಂದ. ಅಂತೂ ಮೆತ್ತಿ ಬಿಸಿಲಿಗೆ ಇಟ್ರೆ ಮಧ್ಯಾಹ್ನದೊಳಗೆ ಹಪ್ಪಳದ ಥರ ಬಿರುಕು. ಎತ್ತಿದ್ರೆ ಪುಡಿ ಪುಡಿ.

ಎರಡು ದಿನ ತಲೆ ಕೆಡಿಸ್ಕೊಂಡ್ಮೇಲೆ ಹೊಳೀತು, ಈ ಕಾಗದದಲ್ಲಿ ಜೇಡಿ ಜಾಸ್ತಿ ನಾರು ಕಮ್ಮಿ, ಹಿಡ್ಕೊಳ್ಳೋಕೆ ಏನೂ ಇಲ್ಲ. ನಾರು ಎಲ್ಲಿಂದ ತರೋದು? ಬಳ್ಳಾರೀಲಿ ಕೂತು ಇದನ್ನ ಕೇಳ್ತಿದೀನಿ ನಾನು! ಚಾಚಾ ಮಗನ ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಓವರ್‌ಲಾಕ್ ಮಷೀನ್ ಕೆಳಗೆ ನೀಲಿ ನೂಲಿನ ಗುಡ್ಡೆನೇ ಬಿದ್ದಿರುತ್ತೆ. ಒಂದು ಚೀಲ ತಂದೆ (ಹೌದು, ಮನೆ ಒಳಗೆ ತಂದೆ, ಬೈಬೇಡಿ). ನೂಲನ್ನ ಸಣ್ಣಗೆ ಕತ್ತರಿಸಿ ನಾಲ್ಕರಲ್ಲಿ ಒಂದು ಪಾಲು, ಒಂದು ಪಾಲು ನ್ಯೂಸ್ ಪೇಪರ್, ಉಳಿದಿದ್ದು ಕ್ಯಾಲೆಂಡರ್, ಕೆಜಿಗೆ ಇನ್ನೂರು ಗ್ರಾಂ ನೆನೆಸಿ ರುಬ್ಬಿದ ಮೆಂತ್ಯ. ಎರಡು ದಿನ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ. ನಿನ್ನೆ ಸಂಜೆ ಕೊಡದಿಂದ ಬಿಡಿಸಿದೆ. ಬಿರುಕಿಲ್ಲ! ತಟ್ಟಿದ್ರೆ ಡಬ ಡಬ ಅನ್ನುತ್ತೆ. ಮೋಡದ ಬಣ್ಣ, ಅಲ್ಲಲ್ಲಿ ನೀಲಿ ಎಳೆ.

ಈರುಳ್ಳಿ ಹಾಕೋಣ ಅಂತ ಒಳಗೆ ತಂದೆ. ಅತ್ತೆ ಬೆಳಕಿಗೆ ಹಿಡಿದು ನೋಡಿ ಸುಮ್ನಾದ್ರು. ಬುಟ್ಟಿ ತಳದಲ್ಲಿ ರುಬ್ಬದೇ ಉಳಿದ ಒಂದು ಚೂರು, ಬೆರಳಿನ ಉಗುರಿನಷ್ಟು, ಅದರಲ್ಲಿ ಒಂದು ಕಣ್ಣು. ಸಂಪೂರ್ಣ, ರೆಪ್ಪೆ ಸಮೇತ, ನಮ್ಮನ್ನೇ ನೋಡ್ತಾ. ಈಗ ಬುಟ್ಟಿ ದೇವರ ಪೀಠದ ಮೇಲೆ ಮೇಣದಬತ್ತಿ ಪಕ್ಕ ಕೂತೈತೆ, ಈರುಳ್ಳಿ ನೆಲದ ಮೇಲೆ.

ಎರಡನೇ ಬ್ಯಾಚ್ ನೆನೆ ಹಾಕೀನಿ. ಈ ಸಲ ಮೊದಲೇ ಕತ್ತರಿ ಹಿಡಿದು ಮುಖಗಳನ್ನೆಲ್ಲ ಬೇರೆ ಮಾಡಿದೆ. ಅವು ಒಂದು ಬಿಸ್ಕತ್ ಡಬ್ಬೀಲಿ ಅದಾವೆ, ಡಬ್ಬಿ ಸದ್ಯಕ್ಕೆ ಅಟ್ಟದಲ್ಲಿ.